ಡೇಲಿಲಿ ಗಿಡವನ್ನು ಎಲ್ಲಿಂದ ಕೊಳ್ಳಬೇಕು? ಮೂರು ದಾರಿಗಳ ಹೋಲಿಕೆ

ನಾರ್ತ್ ಕ್ಯಾರೊಲಿನಾದ ರಾಲೀ ಸುತ್ತಮುತ್ತ ನೆಲೆಸಿರುವ ಕನ್ನಡಿಗರು, ಬೇಸಿಗೆಯಲ್ಲಿ ಅರಳುವ, ವರ್ಷಗಟ್ಟಲೆ ಬಾಳುವ ಹೂಗಿಡವಾದ ಡೇಲಿಲಿಯನ್ನು ಹಿತ್ತಲಿಗೆ ಹಾಕಬೇಕೆಂದು ಹೊರಟರೆ ಮೂರು ದಾರಿಗಳಿವೆ. ಮನೆಕಟ್ಟುವ ಸಾಮಾನಿನ ದೊಡ್ಡ ಅಂಗಡಿಯ ಅಂಗಳದಲ್ಲಿ ಸಾಲಾಗಿ ಜೋಡಿಸಿಟ್ಟ ಪ್ಲಾಸ್ಟಿಕ್ ಕುಂಡಗಳು ಮೊದಲನೆಯದು. ಬೆಳೆಗಾರರ ಜಾಲತಾಣದಲ್ಲಿ ಚಿತ್ರ ನೋಡಿ ಆರಿಸಿ ಅಂಚೆಯಲ್ಲಿ ತರಿಸುವ, ಮಣ್ಣಿಲ್ಲದ ಬರಿಬೇರಿನ ಗಿಡಗಳು ಎರಡನೆಯದು. ಊರಿನ ಡೇಲಿಲಿ ಸಂಘದ ಸದಸ್ಯರು ತಮ್ಮ ತೋಟದ ಗಿಡಗಳನ್ನೇ ತಂದು ನಡೆಸುವ ಮಾರಾಟ ಮೂರನೆಯದು. ಮೂರೂ ಕಡೆಯ ಗಿಡಗಳನ್ನು ಒಂದೇ ಹಿತ್ತಲಿನ ಕೆಂಪು ಜೇಡಿಮಣ್ಣಿನಲ್ಲಿ ಕೆಲವು ವರ್ಷ ಅಕ್ಕಪಕ್ಕ ಬೆಳೆಸಿ ನೋಡಿದ ಮೇಲೆ, ತಳಿಯ ಹೆಸರಿಗಿಂತ ಗಿಡ ನಮ್ಮ ಕೈಸೇರಿದ ದಾರಿಯೇ ಮುಂದಿನ ಸಂತೋಷ ಮತ್ತು ಕಿರಿಕಿರಿಗಳನ್ನು ಹೆಚ್ಚಾಗಿ ನಿರ್ಧರಿಸುತ್ತದೆ ಎಂದು ನನಗೆ ಅನ್ನಿಸಿದೆ.

ಅಂಗಡಿಯಲ್ಲಿ ಆಯ್ಕೆ ಎಂಬುದು ಹೆಸರಿಗಷ್ಟೆ. ಹೆಚ್ಚಿನ ಕುಂಡಗಳಲ್ಲಿ ಇರುವುದು ‘ಸ್ಟೆಲ್ಲಾ ಡಿ ಓರೊ’, ಇಲ್ಲವೇ ಅದರ ಸಂತತಿಯಾದ ‘ಹ್ಯಾಪಿ ರಿಟರ್ನ್ಸ್’. ತಳಿಗಾರ ವಾಲ್ಟರ್ ಜಬ್ಲಾನ್ಸ್ಕಿ 1975ರಲ್ಲಿ ನೋಂದಾಯಿಸಿದ, 1985ರಲ್ಲಿ ಡೇಲಿಲಿ ತಳಿಗೆ ಸಲ್ಲುವ ಅತಿದೊಡ್ಡ ಗೌರವವಾದ ಸ್ಟೌಟ್ ಬೆಳ್ಳಿ ಪದಕ ಪಡೆದ ಸ್ಟೆಲ್ಲಾವನ್ನು ಪೆಟ್ರೋಲ್ ಬಂಕಿನ ಅಂಚಿನಲ್ಲೂ ಕಚೇರಿಗಳ ಮುಂದೆಯೂ ಕಂಡು ಬೇಸತ್ತ ತೋಟಗಾರರು ಮೂಗು ಮುರಿಯುವುದುಂಟು. ಆದರೆ ಮೊಣಕಾಲಿಗೂ ಬಾರದ ಆ ಗಿಡ ಜೂನ್‌ನ ಭರಾಟೆ ಮುಗಿದ ಮೇಲೂ ಮತ್ತೆ ಮತ್ತೆ ಹೂದಂಟು ಎಬ್ಬಿಸುತ್ತದೆಂಬುದನ್ನು ಅಲ್ಲಗಳೆಯಲಾಗದು. ಕುಂಡದ ಗಿಡದ ಬೆಲೆ ಹತ್ತು ಹದಿನೈದು ಡಾಲರ್, ನೆಟ್ಟ ವರ್ಷವೇ ಹೂವು. ತೊಡಕು ಬೇರೆಡೆ ಇದೆ. ಬೇರು ಕುಂಡದ ಆಕಾರಕ್ಕೇ ಸುತ್ತಿಕೊಂಡಿರುತ್ತದೆ, ಅದರ ಹಗುರ ಮಿಶ್ರಣಕ್ಕೂ ನಮ್ಮ ಜೇಡಿಮಣ್ಣಿಗೂ ಹೊಂದಿಕೆಯಾಗುವುದಿಲ್ಲ. ಮಿಶ್ರಣವನ್ನು ಉದುರಿಸಿ ಬೇರು ಬಿಡಿಸಿ ನೆಡದಿದ್ದರೆ ಸುತ್ತಲ ಮಣ್ಣು ಒದ್ದೆಯಿದ್ದರೂ ಗಿಡದ ಬುಡ ಒಣಗಿರುತ್ತದೆ. ಕೆಲವು ಕುಂಡಗಳ ಚೀಟಿಯಲ್ಲಿ ತಳಿಯ ಹೆಸರೇ ಇರದೆ ‘ಕೆಂಪು ಡೇಲಿಲಿ’ ಎಂದಷ್ಟೇ ಇರುತ್ತದೆ. ಕೊಳ್ಳುವ ಮುನ್ನ ಬಿಳಿಯ ಟಿಶ್ಯೂ ಕಾಗದದಿಂದ ಎಲೆಯ ಅಡಿಭಾಗವನ್ನು ಒಮ್ಮೆ ಉಜ್ಜಿ ನೋಡುವುದು ಒಳ್ಳೆಯದು: ಕಾಗದಕ್ಕೆ ಕಿತ್ತಳೆ ಬಣ್ಣದ ಪುಡಿ ಅಂಟಿದರೆ ಅದು ತುಕ್ಕು ರೋಗ. ಅಮೆರಿಕದಲ್ಲಿ 2000ದಲ್ಲಿ ಮೊದಲು ಕಾಣಿಸಿಕೊಂಡ ಈ ಶಿಲೀಂಧ್ರ ಹಸಿರೆಲೆಯಿಲ್ಲದೆ ಚಳಿಗಾಲ ದಾಟಲಾರದು. ಆದ್ದರಿಂದ ಉತ್ತರದ ಹಿಮದ ಊರುಗಳಲ್ಲಿ ತಾನೇ ಸಾಯುತ್ತದೆ, ದಕ್ಷಿಣದ ಹಿತವಾದ ಚಳಿಯಲ್ಲಿ ಉಳಿದುಬಿಡುತ್ತದೆ.

ನಿಜವಾದ ಆಸೆ ಹುಟ್ಟುವುದು ಅಂಚೆಯ ದಾರಿಯಲ್ಲಿ. ನೋಂದಣಿಯಾದ ತಳಿಗಳು ಲಕ್ಷವನ್ನು ಮೀರಿರುವುದರಿಂದ, ಅಂಚಿಗೆ ಚಿನ್ನದ ನಿರಿಗೆ ಕಟ್ಟಿದ ನೇರಳೆ, ಹೂವಿನ ನಡುಗಣ್ಣಿನ ಸುತ್ತ ಕಡುಗೆಂಪು ಬಳೆಯಿಟ್ಟ ಕೆನೆಬಣ್ಣ ಎಂದು ರಾತ್ರಿಯೆಲ್ಲಾ ಚಿತ್ರ ನೋಡುತ್ತಾ ಕೂರಬಹುದು. ಪೆಟ್ಟಿಗೆ ಬಂದಾಗ ಒಳಗಿರುವುದು ಗೇಣುದ್ದಕ್ಕೆ ಕತ್ತರಿಸಿದ ಎಲೆಗಳು, ಎಲೆಯ ಮೇಲೆ ಮಾರ್ಕರಿನಿಂದ ಬರೆದ ಹೆಸರು, ಕೆಳಗೆ ‘ಹಲವು ಮಕ್ಕಳ ತಾಯಿ ಬೇರಿ’ನಂತೆ (ಶತಾವರಿ) ಇಳಿಬಿದ್ದ ದಪ್ಪ ಬೇರುಗಳು. ಅವನ್ನು ಕೆಲವು ಗಂಟೆ ನೀರಿನಲ್ಲಿ ನೆನೆಸಿ, ಗುಣಿಯ ನಡುವೆ ಮಣ್ಣಿನ ದಿಬ್ಬ ಮಾಡಿ, ಬೇರುಗಳನ್ನು ಅದರ ಸುತ್ತ ಹರಡಿ, ಬುಡ ಒಂದು ಅಂಗುಲಕ್ಕಿಂತ ಆಳಕ್ಕೆ ಇಳಿಯದಂತೆ ನೆಟ್ಟರೆ ಗಿಡ ಸಾಯುವುದು ಅಪರೂಪ. ಆದರೆ ಮೊದಲ ಬೇಸಿಗೆಯಲ್ಲಿ ಹೂವನ್ನು ನಿರೀಕ್ಷಿಸುವಂತಿಲ್ಲ, ಇಲ್ಲಿಯ ದೊಡ್ಡ ತಲೆನೋವೂ ಅದೇ. ನಾನು ತರಿಸಿದ ಒಂದು ‘ಕಡುನೇರಳೆ’ ಗಿಡ ಮರುವರ್ಷ ಅರಳಿದಾಗ ಪೀಚ್ ಬಣ್ಣದ್ದಾಗಿತ್ತು. ಮಾರಿದವರ ಖಾತರಿಯ ಅವಧಿ ಅಷ್ಟರಲ್ಲಿ ಮುಗಿದಿದ್ದರಿಂದ, ಪತ್ರಕ್ಕೆ ವಿಷಾದ ಬಂತೇ ಹೊರತು ಗಿಡ ಬರಲಿಲ್ಲ.

ಚಿತ್ರದಲ್ಲಿ ಕಾಣದ ಇನ್ನೆರಡು ಸಂಗತಿಗಳಿವೆ. ಕಡುಗೆಂಪು ಮತ್ತು ನೇರಳೆ ಹೂಗಳು ಇಲ್ಲಿಯ ಜೂನ್ ತಿಂಗಳ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ಬಣ್ಣ ಕದಡಿ, ಮುಟ್ಟಿದರೆ ಅಂಟುವಂತಾಗುತ್ತವೆ. ಅವಕ್ಕೆ ಮಧ್ಯಾಹ್ನದ ಮೇಲೆ ನೆರಳು ಬೇಕು. ಎರಡನೆಯದು ಎಲೆಯ ಸ್ವಭಾವ. ಫ್ಲಾರಿಡಾದಲ್ಲಿ ಬೆಳೆಸಿದ ನಿತ್ಯಹಸಿರು ತಳಿಗಳಲ್ಲಿ ಹಲವು ಕಡುಚಳಿಯ ಊರುಗಳಲ್ಲಿ ಕೊಳೆಯುತ್ತವೆ, ಚಳಿಗೆ ಎಲೆಯುದುರಿಸಿ ಮಲಗುವ ತಳಿಗಳಲ್ಲಿ ಹಲವು ಚಳಿಯೇ ಇಲ್ಲದ ಕಡೆ ವರ್ಷದಿಂದ ವರ್ಷಕ್ಕೆ ಸೊರಗುತ್ತವೆ. ಬೆಂಗಳೂರು, ಮೈಸೂರಿನಲ್ಲಿ ಬೆಳೆಸುವವರು ಈ ಒಂದು ಕಾರಣಕ್ಕೇ ನಿತ್ಯಹಸಿರು ತಳಿಗಳನ್ನು ಕೇಳಿ ಕೊಳ್ಳಬೇಕು. ಬೆಲೆಯ ವಿಷಯಕ್ಕೆ ಬಂದರೆ, ಹೊಸದಾಗಿ ಬಿಡುಗಡೆಯಾದ ತಳಿಗೆ ನೂರು ಡಾಲರಿಗೂ ಮೇಲೆ ಕೇಳುತ್ತಾರೆ; ಗಿಡ ಒಡೆದು ಹಿಂಡಾದಂತೆ ಕೆಲವೇ ವರ್ಷಗಳಲ್ಲಿ ಅದೇ ತಳಿ ಇಪ್ಪತ್ತಕ್ಕೆ ಇಳಿಯುತ್ತದೆ. ಆ ನೂರು ಡಾಲರು ಗಿಡದ ಗುಣಕ್ಕಲ್ಲ, ಅದರ ವಿರಳತೆಗೆ. ಮಿಶ್ರತಳಿ ಮಾಡುವ ಹವ್ಯಾಸವಿಲ್ಲದವರು ಕಾಯುವುದೇ ಲೇಸು.

ಸಂಘದ ಮಾರಾಟದಲ್ಲಿ ಹೊಳಪಿನ ಚಿತ್ರಗಳಿರುವುದಿಲ್ಲ, ಬಕೆಟ್ಟುಗಳಲ್ಲಿ ಮಣ್ಣು ಮೆತ್ತಿದ ಹಿಂಡುಗಳಿರುತ್ತವೆ. ಐದರಿಂದ ಹತ್ತು ಡಾಲರಿಗೆ ಅಂಚೆಯವರು ಕೊಡುವುದಕ್ಕಿಂತ ಹೆಚ್ಚು ಕವಲುಗಳ ಗಿಡ ಸಿಗುತ್ತದೆ, ಅದಕ್ಕಿಂತ ಮುಖ್ಯವಾಗಿ ಆ ಗಿಡ ನಮ್ಮದೇ ಮಣ್ಣು, ನಮ್ಮದೇ ಚಳಿಯನ್ನು ಆಗಲೇ ಕಂಡಿರುತ್ತದೆ. ಒಬ್ಬ ಹಿರಿಯ ಸದಸ್ಯೆ ಎರಡು ತೋಟದ ಫೋರ್ಕುಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಹಿಂಡಿನ ನಡುವೆ ನಾಟಿ, ಹಿಡಿಗಳನ್ನು ಹೊರಕ್ಕೆ ಎಳೆದು, ಬೇರಿಗೆ ಹೆಚ್ಚು ಪೆಟ್ಟಾಗದಂತೆ ಬಿಡಿಸಿ ತೋರಿಸಿದ್ದು ಯಾವ ಚೀಟಿಯಲ್ಲೂ ಸಿಗುವ ಪಾಠವಲ್ಲ. ಮೇಡಂ, ಇದು ಬಿಸಿಲಲ್ಲಿ ಕರಗುತ್ತದೆಯೇ ಎಂದು ಕೇಳಿದರೆ ನೇರ ಉತ್ತರ ಬರುತ್ತದೆ. ಅಲ್ಲಿ ತಂದ ‘ಹೈಪೀರಿಯನ್’ 1920ರ ದಶಕದ ಹಳೆಯ ತಳಿ. ನಿಂಬೆಹಳದಿಯ ಎತ್ತರದ ಹೂವು, ಮೇಲಾಗಿ ಸುವಾಸನೆ, ಅದು ಈಗಿನ ಅನೇಕ ತಳಿಗಳಲ್ಲಿ ಇಲ್ಲ. ಕೊರತೆಯೆಂದರೆ ಬೇಕಾದ ತಳಿ ಬೇಕಾದಾಗ ಸಿಗದು, ಮತ್ತು ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿ ನಿಲ್ಲದಿದ್ದರೆ ಒಳ್ಳೆಯವೆಲ್ಲ ಖಾಲಿಯಾಗಿರುತ್ತವೆ.

ಎಲ್ಲಿಂದ ತಂದರೂ ಜಿಂಕೆಗಳಿಗೆ ಭೇದವಿಲ್ಲ. ನಾಳೆ ಅರಳಬೇಕಾದ ಮೊಗ್ಗುಗಳನ್ನೇ ಹುಡುಕಿ ತಿನ್ನುತ್ತವೆ. ಬೆಕ್ಕು ಸಾಕಿದವರು ಈ ಗಿಡವನ್ನೇ ಬಿಡುವುದು ಕ್ಷೇಮ, ಅದು ಬೆಕ್ಕಿನ ಮೂತ್ರಪಿಂಡಕ್ಕೆ ವಿಷ. ಒಂದೇ ದಿನ ಬಾಳುವ ಹೂವೆಂದು ಹಲವರು ಕೊರಗುತ್ತಾರೆ. ದಿನವೂ ದೇವರಿಗೆ ಹೂವಿಡುವ ಮನೆಯಲ್ಲಿ ಅದು ಅನುಕೂಲವೇ, ಸಂಜೆಗೆ ಬಾಡುವುದನ್ನು ಬೆಳಿಗ್ಗೆ ಕೊಯ್ದರೆ ಗಿಡಕ್ಕೆ ನಷ್ಟವಿಲ್ಲ.

ಹೊಸಬರಿಗೆ ನನ್ನ ಸಲಹೆ ಸಂಘದ ಮಾರಾಟವೇ. ಕಾಲುದಾರಿಯ ಅಂಚಿಗೆ ಒಂದೇ ಬಗೆಯ ಹತ್ತಾರು ಗಿಡ ಬೇಕಾದವರು ಅಂಗಡಿಗೆ ಹೋಗಲಿ. ಇಂಥದ್ದೇ ತಳಿ ಬೇಕೆಂಬ ಹಟವಿದ್ದರೆ ಮಾತ್ರ ಅಂಚೆಯಲ್ಲಿ ತರಿಸಲಿ, ಅದೂ ಅಮೆರಿಕನ್ ಡೇಲಿಲಿ ಸೊಸೈಟಿಯ ನೋಂದಣಿ ಪಟ್ಟಿಯಲ್ಲಿ ಎತ್ತರ, ಹೂವಿನ ಅಳತೆ ಮತ್ತು ಎಲೆಯ ಸ್ವಭಾವವನ್ನು ನೋಡಿಕೊಂಡ ಮೇಲೆ, ತಪ್ಪು ಗಿಡ ಬಂದರೆ ಮೊದಲ ಹೂವು ಅರಳುವವರೆಗೂ ಬದಲಿಸಿಕೊಡುತ್ತೇವೆಂದು ಬರೆದುಕೊಡುವ ಬೆಳೆಗಾರರಿಂದ.