ರಶೀದಿ ಪುಸ್ತಕದ ಮ್ಯಾಟರ್ ಎಂದು ತೆರೆದ ಫೈಲ್: ಮುದ್ರಣಾಲಯ ಮತ್ತು ಡಿಟಿಪಿ ಅಂಗಡಿಯವರಿಗೆ ಒಂದು ಎಚ್ಚರಿಕೆ

ಮುದ್ರಣ ಕಾಶಿ ಎಂದು ಹೆಸರಾದ ಗದಗ-ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಮುದ್ರಣಾಲಯವಿದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ವರ್ಷದ ಕೊನೆಗೆ ಕ್ಯಾಲೆಂಡರ್, ಇಷ್ಟೇ ನಮ್ಮ ವ್ಯವಹಾರ. ಕಳೆದ ಲಗ್ನದ ಸೀಸನ್ನಿನಲ್ಲಿ ನಾನು ಒಂದು ಫೈಲನ್ನು ಬರೀ ನೋಡುವುದಕ್ಕೆಂದು ತೆರೆದದ್ದರಿಂದ ಹಾವೇರಿಯ ಹಳೆಯ ಗಿರಾಕಿಯೊಬ್ಬರ ₹38,400 ಕಳ್ಳರ ಖಾತೆಗೆ ಹೋಯಿತು. ತಪ್ಪಿನ ಹೆಚ್ಚು ಪಾಲು ನನ್ನದೇ ಆದ್ದರಿಂದ ನಡೆದದ್ದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಶಾಲೆಯೊಂದರ ಹೆಸರು ಹೊತ್ತು ಬಂದ ಆ ಮೇಲ್‌ನಲ್ಲಿ ಇಪ್ಪತ್ತು ರಶೀದಿ ಪುಸ್ತಕಗಳಿಗೆ ದರ ಕೇಳಿದ್ದರು, ಮ್ಯಾಟರ್ (ಅಚ್ಚಾಗಬೇಕಾದ ಬರಹ) ಲಗತ್ತಿಸಿದ್ದರು. ಡಬಲ್ ಕ್ಲಿಕ್ ಮಾಡಿದೆ. ವರ್ಡ್ ತೆರೆದುಕೊಂಡಿತು, ಖಾಲಿ ಹಾಳೆಯೊಂದು ಕಾಣಿಸಿತು, ಎರಡು ಸೆಕೆಂಡು ತಡೆದು ತಾನಾಗಿಯೇ ಮುಚ್ಚಿಕೊಂಡಿತು. ಫೈಲ್ ಕೆಟ್ಟಿರಬೇಕೆಂದುಕೊಂಡು ‘ಪಿಡಿಎಫ್ ಕಳುಹಿಸಿ’ ಎಂದು ಉತ್ತರ ಬರೆದು, ಬೇರೆ ಪ್ರೂಫ್ ನೋಡಲು ಕುಳಿತೆ. ಮ್ಯಾಕ್ರೋ, ಅಂದರೆ ಫೈಲಿನೊಳಗಿನ ಕಿರು ಪ್ರೋಗ್ರಾಂ, ಚಾಲೂ ಮಾಡಲೇ ಎಂದು ಯಾರೂ ಕೇಳಲಿಲ್ಲ, ನಾನು ಯಾವುದಕ್ಕೂ ಒಪ್ಪಿಗೆ ಕೊಡಲಿಲ್ಲ.

ಹನ್ನೊಂದು ದಿನಗಳ ಮೇಲೆ ಹಾವೇರಿಯಿಂದ ಫೋನ್ ಬಂತು. “ಅಣ್ಣಾರ, ನೀವು ಕೊಟ್ಟ ಹೊಸಾ ಖಾತೆಗೆ ರೊಕ್ಕ ಹಾಕೀನಿ, ಮುಟ್ಟೇತೇನ ನೋಡ್ರಿ.” ನಾವು ಯಾವ ಹೊಸ ಖಾತೆಯನ್ನೂ ಕೊಟ್ಟಿರಲಿಲ್ಲ. ಆದರೆ ಅವರಿಗೆ ಬಂದ ಪತ್ರ ನಮ್ಮ ವಿಳಾಸದಿಂದಲೇ, ನಾವು ಕಳುಹಿಸಿದ್ದ ಬಿಲ್ಲಿನ ಕೆಳಗೇ, ಮುಂದುವರಿದ ಮಾತಿನಂತೆ ಹೋಗಿತ್ತು. ನಮ್ಮ ಮೇಲ್‌ನ ಸೆಟ್ಟಿಂಗ್ಸ್ ತೆರೆದಾಗ, ಬಿಲ್ ಎಂಬ ಪದವಿರುವ ಪತ್ರಗಳೆಲ್ಲ ಗುರುತಿಲ್ಲದ ಇನ್ನೊಂದು ವಿಳಾಸಕ್ಕೂ ಹೋಗುವಂತೆ ಯಾರೋ ಒಂದು ಫಿಲ್ಟರ್ ಹಾಕಿಟ್ಟದ್ದು ಕಂಡಿತು.

ನಮ್ಮ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗ ಆ ಫೈಲನ್ನು ಮೊದಲು ನೋಟ್‌ಪ್ಯಾಡ್‌ನಲ್ಲಿ ತೆರೆದು ತೋರಿಸಿದ. ಹೆಸರಿನ ಕೊನೆಯಲ್ಲಿ ಡಾಕ್ (.doc) ಎಂದು ವರ್ಡ್ ಫೈಲಿನಂತಿದ್ದರೂ ಒಳಗಿನ ಮೊದಲ ಅಕ್ಷರಗಳೇ ಅದು ಆರ್‌ಟಿಎಫ್ ಎಂಬ ಬೇರೆ ಮಾದರಿಯ ಫೈಲ್ ಎಂದು ಹೇಳುತ್ತಿದ್ದವು. ಅವುಗಳ ಕೆಳಗೆ ಅರ್ಥವಿಲ್ಲದ ಅಂಕಿ-ಅಕ್ಷರಗಳ ರಾಶಿ. ಬಳಿಕ ನೆಟ್ ಸಂಪರ್ಕವೇ ಇಲ್ಲದ ಯಂತ್ರವೊಂದರಲ್ಲಿ, ಟಾಸ್ಕ್ ಮ್ಯಾನೇಜರ್ ಎದುರಿಗಿಟ್ಟುಕೊಂಡು ಅದನ್ನೇ ವರ್ಡ್‌ನಲ್ಲಿ ತೆರೆದ. ಪಟ್ಟಿಯಲ್ಲಿ ಕ್ಷಣಮಾತ್ರ ಒಂದು ಹೊಸ ಹೆಸರು ಮೂಡಿತು: ಈಕ್ವೇಷನ್ ಎಡಿಟರ್, ಅಂದರೆ ಗಣಿತದ ಸಮೀಕರಣ ಬರೆಯುವ ಉಪಕರಣ. “ರಶೀದಿ ಪುಸ್ತಕದಾಗ ಬೀಜಗಣಿತ ಎಲ್ಲಿಂದ ಬಂತ್ರೀ ಅಣ್ಣಾರ?” ಎಂದು ಅವನು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಈ ಉಪಕರಣದ ಚರಿತ್ರೆ ತಿಳಿದುಕೊಳ್ಳುವಂಥದ್ದು. 2000ನೇ ಇಸವಿಯಲ್ಲಿ ಸಿದ್ಧವಾದ ಅದರ ಪ್ರತಿಯೇ ಹದಿನೇಳು ವರ್ಷ ಮೈಕ್ರೋಸಾಫ್ಟ್ ಆಫೀಸ್ ಜೊತೆಗೆ ಬರುತ್ತಿತ್ತು. ಸಮೀಕರಣದಲ್ಲಿ ಬಳಸಿದ ಫಾಂಟಿನ ಹೆಸರನ್ನು ಅದು ಉದ್ದ ನೋಡದೆ ಒಂದು ಸಣ್ಣ ಜಾಗಕ್ಕೆ ನಕಲಿಸುತ್ತಿತ್ತು. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಅಳತೆ ಮೀರಿದ ಮ್ಯಾಟರ್ ತನ್ನ ಕಾಲಂ ದಾಟಿ ಪಕ್ಕದ ಕಾಲಮ್ಮಿನ ಮೇಲೆ ಹರಿದ ಹಾಗೆ. ವ್ಯತ್ಯಾಸವೆಂದರೆ, ಇಲ್ಲಿ ಪಕ್ಕದ ಕಾಲಮ್ಮಿನಲ್ಲಿ ಇರುವುದು ಕಂಪ್ಯೂಟರ್ ಮುಂದೇನು ಮಾಡಬೇಕೆಂಬ ಆಜ್ಞೆ, ಆದ್ದರಿಂದ ಅದನ್ನು ಫೈಲ್ ಬರೆದವನೇ ತನಗೆ ಬೇಕಾದಂತೆ ತಿದ್ದಬಲ್ಲ. ಸಿವಿಇ-2017-11882 ಎಂಬ ಸಂಖ್ಯೆಯ ಈ ದೋಷಕ್ಕೆ ಮೈಕ್ರೋಸಾಫ್ಟ್ 2017ರ ನವೆಂಬರ್‌ನಲ್ಲಿ ತೇಪೆ, ಅಂದರೆ ದೋಷ ಸರಿಪಡಿಸುವ ಅಪ್‌ಡೇಟ್, ಕೊಟ್ಟಿತು, 2018ರ ಜನವರಿಯಲ್ಲಿ ಆ ಉಪಕರಣವನ್ನೇ ತೆಗೆದುಹಾಕಿತು. ತೇಪೆ ಹಾಕಿಕೊಳ್ಳದೆ ಉಳಿದದ್ದು ನಾನು. ಹಿಂದೊಮ್ಮೆ ಅಪ್‌ಡೇಟ್ ಆದ ಮರುದಿನ ಪ್ರಿಂಟರ್ ಕೈಕೊಟ್ಟಿತೆಂದು ಅಪ್‌ಡೇಟನ್ನೇ ಶಾಶ್ವತವಾಗಿ ನಿಲ್ಲಿಸಿದ್ದೆ. ಪುಟ ಜೋಡಿಸುವ ಹಳೆಯ ಪೇಜ್‌ಮೇಕರ್ ಮತ್ತು ನುಡಿ ಫಾಂಟಿನ ಸಾವಿರಾರು ಫೈಲುಗಳಿಗಾಗಿ ವಿಂಡೋಸ್ 7 ಯಂತ್ರವನ್ನೇ ಉಳಿಸಿಕೊಂಡಿದ್ದೆ. ಅದಕ್ಕೆ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿತ್ತು.

ಗೊತ್ತಿಲ್ಲದವರ ಫೈಲ್ ತೆರೆಯಬೇಡಿ ಎಂಬ ಬುದ್ಧಿಮಾತನ್ನು ಎಲ್ಲರೂ ಹೇಳುತ್ತಾರೆ. ಗೊತ್ತಿಲ್ಲದವರ ಫೈಲ್ ತೆರೆಯದಿದ್ದರೆ ನಮ್ಮ ಮನೆಯ ಒಲೆ ಹೊತ್ತುವುದಿಲ್ಲ. ಗೂಗಲ್ ಡ್ರೈವ್‌ನಲ್ಲಿ ಪ್ರಿವ್ಯೂ ನೋಡಿದರೆ ಫೈಲ್ ನಮ್ಮ ಯಂತ್ರದಲ್ಲಿ ತೆರೆಯುವುದಿಲ್ಲ ಎಂಬುದು ನಿಜ, ಮತ್ತು ಯೂನಿಕೋಡ್ ಮ್ಯಾಟರ್‌ಗೆ ನಾನೀಗ ಹಾಗೆಯೇ ಮಾಡುತ್ತೇನೆ. ಆದರೆ ಹಳೆಯ ನುಡಿ, ಬರಹ ಫಾಂಟುಗಳ ವರ್ಡ್ ಫೈಲ್ ಅಲ್ಲಿ ಓದಲಾಗದ ಇಂಗ್ಲಿಷ್ ಅಕ್ಷರಗಳ ಗೊಂದಲವಾಗಿ ಕಾಣುತ್ತದೆ. ಆದ್ದರಿಂದ ಫೈಲ್ ತೆರೆಯುವ ಜಾಗ ಬೇರೆ, ಹಣ ಓಡಾಡುವ ಜಾಗ ಬೇರೆ ಇರಬೇಕೆಂಬುದೇ ನನಗೆ ಕಂಡ ದಾರಿ. ಪೇಜ್‌ಮೇಕರ್ ಯಂತ್ರದ ನೆಟ್ ತಂತಿಯನ್ನು ಕಿತ್ತಿದ್ದೇನೆ. ಬ್ಯಾಂಕ್, ಜಿಎಸ್‌ಟಿ, ಮೇಲ್ ಇವೆಲ್ಲ ಅಪ್‌ಡೇಟ್ ಆಗುತ್ತಿರುವ ಇನ್ನೊಂದು ಯಂತ್ರದಲ್ಲಿ ನಡೆಯುತ್ತವೆ, ಅದರಲ್ಲಿ ಗಿರಾಕಿಯ ಫೈಲ್ ತೆರೆಯುವುದಿಲ್ಲ.

ಪಿಡಿಎಫ್ ಆದರೆ ಭಯವಿಲ್ಲ ಎಂದು ನಾನೂ ನಂಬಿದ್ದೆ, ಅದಕ್ಕೇ ಕಳ್ಳನಿಗೆ ‘ಪಿಡಿಎಫ್ ಕಳುಹಿಸಿ’ ಎಂದು ಬರೆದದ್ದು. ಅಡೋಬ್ ರೀಡರ್‌ನಲ್ಲಿ ದಾಳಿಗೆ ಬಳಕೆಯಾದ ದೋಷಗಳು 2009ರಲ್ಲೂ ಸಿಕ್ಕಿವೆ, 2023ರಲ್ಲೂ ಸಿಕ್ಕಿವೆ. ಫೈರ್‌ಫಾಕ್ಸ್ ಒಳಗಿನ ಪಿಡಿಎಫ್ ವೀಕ್ಷಕದ ಫಾಂಟ್ ದೋಷವೊಂದನ್ನು 2024ರ ಮೇ ತಿಂಗಳಲ್ಲಿ 126ನೇ ಆವೃತ್ತಿಯಲ್ಲಿ ಸರಿಪಡಿಸಲಾಯಿತು. ಹೊಸ ಆವೃತ್ತಿ ಇಟ್ಟುಕೊಳ್ಳುವುದರ ಜೊತೆಗೆ ರೀಡರ್‌ನ ಪ್ರಿಫರೆನ್ಸಸ್‌ನಲ್ಲಿ ಜಾವಾಸ್ಕ್ರಿಪ್ಟ್ (ಫೈಲಿನೊಳಗಿನ ಆಜ್ಞೆಗಳನ್ನು ಓಡಿಸುವ ಸೌಲಭ್ಯ) ಆಫ್ ಮಾಡಿಬಿಡಿ, ಲಗ್ನಪತ್ರಿಕೆಗೆ ಅದು ಬೇಕಿಲ್ಲ. ಜಿಪ್ ಕಟ್ಟಿ ಫೋಟೋ ಕಳುಹಿಸುವವರಿದ್ದಾರೆ. ಜಿಪ್ ಬಿಚ್ಚುವ ವಿನ್‌ರಾರ್ ತಾನಾಗಿ ಅಪ್‌ಡೇಟ್ ಆಗುವುದಿಲ್ಲ, 6.23ಕ್ಕಿಂತ ಹಳೆಯದಾದರೆ ಜಿಪ್ ಒಳಗಿನ ಚಿತ್ರದ ಮೇಲೆ ಕ್ಲಿಕ್ ಮಾಡಿದಾಗ ಬೇರೊಂದು ಪ್ರೋಗ್ರಾಂ ಓಡುವ ಅಪಾಯವಿದೆ. ಫೋಲ್ಡರಿನ ಪ್ರಿವ್ಯೂ ಪೇನ್ ಕೂಡ ಮುಚ್ಚಿಡಿ. 2022ರಲ್ಲಿ ಸಿಕ್ಕ, ಫೋಲಿನಾ ಎಂದು ಹೆಸರಾದ ದೋಷದಲ್ಲಿ ಆರ್‌ಟಿಎಫ್ ಫೈಲನ್ನು ತೆರೆಯಬೇಕಾಗಿಯೂ ಇರಲಿಲ್ಲ, ಪ್ರಿವ್ಯೂ ಸಾಕಿತ್ತು.

ಪೆನ್ ಡ್ರೈವ್ ಬಗ್ಗೆ ನಮ್ಮವರು ಗಮನಿಸಬೇಕಾದ ಸಂಗತಿಯೊಂದಿದೆ. ನೆಟ್‌ನಿಂದ ಇಳಿಸಿದ ಫೈಲಿಗೆ ವಿಂಡೋಸ್ ಒಂದು ಗುರುತು ಅಂಟಿಸುತ್ತದೆ. ಹೊಸ ವರ್ಡ್ ಆ ಗುರುತನ್ನು ಕಂಡೇ ಹಳದಿ ಪಟ್ಟಿ ತೋರಿಸಿ, ತಿದ್ದಲು ಬಿಡದೆ, ಫೈಲನ್ನು ಬಿಗಿ ಕಟ್ಟಿನಲ್ಲಿ ತೆರೆಯುತ್ತದೆ. ಗಿರಾಕಿಗಳು ತರುವ ಪೆನ್ ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್32 ಎಂಬ ಹಳೆಯ ಶೇಖರಣಾ ಮಾದರಿಯವು, ಅದರಲ್ಲಿ ಈ ಗುರುತು ಉಳಿಯುವುದಿಲ್ಲ. ಹೀಗಾಗಿ ಕೈಯಾರೆ ತಂದುಕೊಟ್ಟ ಫೈಲಿಗೆ ಹಳದಿ ಪಟ್ಟಿ ಬರದಿರಬಹುದು.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಅಂದೇ ಫೋನ್ ಮಾಡಿದ್ದರಿಂದ ₹21,000 ಮುಂದೆ ಸಾಗದಂತೆ ತಡೆಯಲು ಸಾಧ್ಯವಾಯಿತು. ಉಳಿದದ್ದು ಸಿಕ್ಕಿಲ್ಲ; ಅಷ್ಟು ಮೊತ್ತದ ಕೆಲಸವನ್ನು ಗಿರಾಕಿಗೆ ಹಣ ಪಡೆಯದೆ ಮಾಡಿಕೊಡುತ್ತಿದ್ದೇನೆ. ಆ ಗಡಿಬಿಡಿಯಲ್ಲಿ ಇನ್ನೊಂದು ಮೂರ್ಖತನವನ್ನೂ ಮಾಡಿದೆ. ಆ ಫೈಲ್ ತೆರೆದದ್ದರಿಂದ, ಒತ್ತಿದ ಕೀಲಿಗಳನ್ನೆಲ್ಲ ದಾಖಲಿಸುವ ಕಳ್ಳರ ಪ್ರೋಗ್ರಾಂ ಬಂದು ಕುಳಿತಿದ್ದ ಅದೇ ಯಂತ್ರದಲ್ಲೇ ಮೇಲ್‌ನ ಪಾಸ್‌ವರ್ಡ್ ಬದಲಿಸಿ, ಹೊಸದನ್ನೂ ಕಳ್ಳರ ಕೈಗಿತ್ತೆ. ನಿಮ್ಮಲ್ಲಿ ಯಾರಾದರೂ ಇಂಥದೇ ಖಾಲಿ ಹಾಳೆ ತೋರಿಸಿ ಮುಚ್ಚಿಕೊಂಡ ಫೈಲನ್ನು ತೆರೆದಿದ್ದರೆ, ಮೊದಲು ಆ ಯಂತ್ರದ ನೆಟ್ ತಂತಿ ತೆಗೆಯಿರಿ, ಪಾಸ್‌ವರ್ಡನ್ನು ಬೇರೆ ಯಂತ್ರದಿಂದ ಬದಲಿಸಿ, ಮೇಲ್‌ನ ಫಿಲ್ಟರ್ ಮತ್ತು ಫಾರ್ವರ್ಡಿಂಗ್ ನೋಡಿ, ಬಾಕಿ ಇರುವ ಗಿರಾಕಿಗಳಿಗೆಲ್ಲ ಖಾತೆ ಸಂಖ್ಯೆ ಬದಲಾಗಿಲ್ಲವೆಂದು ಮೇಲ್ ಬರೆಯದೆ ಫೋನಿನಲ್ಲೇ ತಿಳಿಸಿ.