ಕಾವೇರಿಗೆ ಹಕ್ಕು: ಕೋರ್ಟಾ, ಕಾಯ್ದೆಯಾ, ಗ್ರಾಮಸಭೆಯಾ?

ನದಿಗೂ ಹಕ್ಕಿದೆ ಅನ್ನೋ ಚಳವಳಿ ಈಗ ಹಲವು ದೇಶಗಳಲ್ಲಿದೆ. ಕುಶಾಲನಗರದ ಸೇತುವೆ ಕೆಳಗೆ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ ನೋಡಿದರೆ ಕಾವೇರಿಗೂ ಅದು ಬೇಕು ಅನಿಸುತ್ತದೆ. ಆದರೆ ಯಾವ ದಾರಿ ಹಿಡಿಯಬೇಕು?

ಕೋರ್ಟಿನಲ್ಲಿ ಬೇಗ ಸಿಗಬಹುದು, ಬೇಗ ಕೈತಪ್ಪಲೂಬಹುದು. 2017ರ ಮಾರ್ಚ್‌ನಲ್ಲಿ ಉತ್ತರಾಖಂಡ ಹೈಕೋರ್ಟ್ ಗಂಗೆ, ಯಮುನೆಯರನ್ನು ಕಾನೂನಿನ ಪ್ರಕಾರ ವ್ಯಕ್ತಿಗಳು, ಅಂದರೆ ಅವರ ಹೆಸರಲ್ಲೇ ಕೇಸು ನಡೆಸಬಹುದು ಎಂದಿತು. ಜುಲೈಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನದಿ ಹಲವು ರಾಜ್ಯಗಳಲ್ಲಿ ಹರಿಯುತ್ತದೆ, ಪ್ರವಾಹ ಬಂದರೆ ಪರಿಹಾರ ಯಾರ ತಲೆಗೆ ಅಂತ ರಾಜ್ಯ ಸರ್ಕಾರವೇ ಕೇಳಿತ್ತು. ಕಾವೇರಿ ವಿಷಯದಲ್ಲೂ ಇದೇ ಪ್ರಶ್ನೆ ಏಳುತ್ತದೆ, ಅಲ್ವಾ?

ಕಾಯ್ದೆ ನಿಧಾನ, ಆದರೆ ಗಟ್ಟಿ. ನ್ಯೂಜಿಲೆಂಡ್ ಸಂಸತ್ತು ಅದೇ ವರ್ಷ ವಾಂಗನುಯಿ ನದಿಗೆ ಕಾಯ್ದೆ ಮಾಡಿತು. ನದಿಯ ಪರ ಮಾತಾಡಲು ಇಬ್ಬರು. ಒಬ್ಬರನ್ನು ಸರ್ಕಾರ ಆರಿಸುತ್ತದೆ, ಇನ್ನೊಬ್ಬರನ್ನು ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನ. ನದಿಯ ಆರೋಗ್ಯಕ್ಕೆ ನಿಧಿಯೂ ಇದೆ. ಯಾರನ್ನು ಕೇಳಬೇಕು ಅನ್ನೋದು ಸ್ಪಷ್ಟ. ಇದರ ಹಿಂದೆ ನೂರು ವರ್ಷಕ್ಕೂ ಜಾಸ್ತಿ ಹೋರಾಟವಿದೆ ಅನ್ನೋದನ್ನು ಮರೆಯಬೇಡಿ.

ಈಕ್ವೆಡಾರ್ 2008ರಲ್ಲಿ ಪ್ರಕೃತಿಯ ಹಕ್ಕನ್ನು ಸಂವಿಧಾನದಲ್ಲೇ ಬರೆಯಿತು. ನಮಗೆ ಸದ್ಯಕ್ಕೆ ಅದು ದೂರದ ಮಾತು.

ಗ್ರಾಮಸಭೆಯ ನಿರ್ಣಯಕ್ಕೆ ಅಷ್ಟು ಬಲ ಇಲ್ಲ. ಅಮೆರಿಕದ ಟೊಲೆಡೊ ನಗರದ ಮತದಾರರು 2019ರಲ್ಲಿ ಈರಿ ಸರೋವರಕ್ಕೆ ಹಕ್ಕು ಕೊಟ್ಟರು. ಮರುವರ್ಷ ಕೋರ್ಟ್ ಅದನ್ನು ತೆಗೆದುಹಾಕಿತು. ಆದರೂ ನಾನಾಗಿದ್ದರೆ ಇಲ್ಲಿಂದಲೇ ಶುರು ಮಾಡುತ್ತೇನೆ. ಸುಮ್ನೆ 'ಕಾವೇರಿ ತಾಯಿ' ಅಂತಲ್ಲ. ಯಾವ ಚರಂಡಿ, ಯಾವ ಹೋಂಸ್ಟೇ ನೀರು ಎಲ್ಲಿ ಹೊಳೆ ಸೇರುತ್ತದೆ ಅಂತ ಬರೆಸಿ. ಆ ಪಟ್ಟಿ ಹಿಡಿದೇ ಶಾಸಕರ ಹತ್ತಿರ ಕಾಯ್ದೆ ಕೇಳಿ.