ಒಂದು ಡಿಗ್ರಿ ಸುಳ್ಳು ಹೇಳುವ ಪೆಟ್ಟಿಗೆ

ಮೈಸೂರಿನ ಅಂಗಡಿಯೊಂದರಿಂದ 5,800 ರೂಪಾಯಿ ಕೊಟ್ಟು ಮಂಡ್ಯದ ಮನೆಗೆ ತಂದ ಚಿಕ್ಕ ಇನ್‌ಕ್ಯುಬೇಟರ್‌ನಲ್ಲಿ ಇದುವರೆಗೆ ಎರಡು ಸಲ ಗೌಜಲಹಕ್ಕಿಯ ಮೊಟ್ಟೆಗಳನ್ನು ಕಾವಿಗೆ ಇಟ್ಟಿದ್ದೇನೆ. ಇವು ಹೊಲದಲ್ಲಿ ಕಾಣುವ ಕಾಡುಹಕ್ಕಿಗಳಲ್ಲ, ಫಾರಂನವರು ಕ್ವೇಲ್ ಎಂದು ಮಾರುವ ಜಪಾನಿ ತಳಿಯವು. ಮೊದಲ ಸಲ 40 ಮೊಟ್ಟೆಗಳಲ್ಲಿ 11 ಮರಿಗಳಾದವು. ಎರಡನೆಯ ಸಲ ಅಷ್ಟೇ ಮೊಟ್ಟೆಗಳಲ್ಲಿ 29. ಫಾರಂ ಅದೇ, ಯಂತ್ರವೂ ಅದೇ.

“ಹೇಂಟೆ ಕಾವಿಗೆ ಕೂರ್ಸೋದ್ ಬುಟ್ಟು ಈ ಡಬ್ಬಕ್ಕೆ ದುಡ್ಡ್ ಸುರ್ದಿದ್ದೀಯಲ್ಲ” ಎಂದು ಅಮ್ಮ ಮೊದಲ ದಿನವೇ ಹೇಳಿದ್ದರು. ಆದರೆ ಸಾಕಿದ ಗೌಜಲಹಕ್ಕಿ ತಾನಾಗಿ ಕಾವಿಗೆ ಕೂರುವುದು ತೀರಾ ಅಪರೂಪ, ಹತ್ತು ಹನ್ನೆರಡು ಗ್ರಾಂ ತೂಗುವ ಅದರ ಮೊಟ್ಟೆ ನಾಟಿ ಹೇಂಟೆಯ ಕಾಲಿಗೆ ಸಿಕ್ಕರೆ ಉಳಿಯುವ ಭರವಸೆಯೂ ಇಲ್ಲ. ಹಾಗಾಗಿ ಯಂತ್ರವೇ ಗತಿ.

ಈ ಹಕ್ಕಿಯ ಮೊಟ್ಟೆ 17 ಅಥವಾ 18 ದಿನಕ್ಕೆ ಒಡೆಯಬೇಕು. ಮೊದಲ ಸಲ 18ನೆಯ ದಿನ ಕಳೆದರೂ ಒಂದು ಬಿರುಕೂ ಕಾಣಲಿಲ್ಲ; 19ರ ರಾತ್ರಿ ಆರಂಭವಾಗಿ 20ರ ಸಂಜೆಯವರೆಗೆ ಒಂದೊಂದಾಗಿ ಸೊರಗಿದ ಮರಿಗಳು ಹೊರಬಂದವು. ಉಳಿದ ಮೊಟ್ಟೆಗಳನ್ನು ಒಡೆದು ನೋಡಿದಾಗ ಹಲವುಗಳಲ್ಲಿ ಪುಕ್ಕ ಸಹಿತ ಪೂರ್ತಿ ಬೆಳೆದ ಮರಿಗಳು ಚಿಪ್ಪಿನೊಳಗೇ ಸತ್ತಿದ್ದವು. ಕಾವು ಕಡಿಮೆಯಾದರೆ ಮರಿ ತಡವಾಗುತ್ತದೆ ಎಂಬುದು ಗೊತ್ತಿದ್ದರೂ, ಪರದೆಯ ಮೇಲೆ ಅಷ್ಟೂ ದಿನ 37.7 ಎಂದೇ ತೋರಿಸುತ್ತಿದ್ದ ಯಂತ್ರವನ್ನು ನಾನು ಅನುಮಾನಿಸಿರಲಿಲ್ಲ. ಕೊನೆಗೆ ಮನೆಯಲ್ಲಿದ್ದ ಜ್ವರ ನೋಡುವ ಹಳೆಯ ಪಾದರಸದ ಥರ್ಮಾಮೀಟರನ್ನು ಮೊಟ್ಟೆಗಳ ಎತ್ತರದಲ್ಲಿ ಮಲಗಿಸಿಟ್ಟೆ. ಏರಿದ ಪಾದರಸ ಒದರುವವರೆಗೂ ಇಳಿಯದ ಆ ಕಡ್ಡಿಯಲ್ಲಿ, ಇಡೀ ರಾತ್ರಿ ಬಿಟ್ಟರೂ ಗೆರೆ 98 ಫ್ಯಾರನ್‌ಹೀಟ್, ಅಂದರೆ ಸುಮಾರು 36.7 ಸೆಲ್ಸಿಯಸ್ ದಾಟಿರಲಿಲ್ಲ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಬೇಕಾದದ್ದು 99.5, ಅಂದರೆ 37.5 ಸೆಲ್ಸಿಯಸ್. ಯಂತ್ರ ಸರಿಸುಮಾರು ಒಂದು ಡಿಗ್ರಿ ಹೆಚ್ಚಿಗೆ ತೋರಿಸುತ್ತಿತ್ತು.

ಅಂಗಡಿಯವರಿಗೆ ಫೋನ್ ಮಾಡಿದಾಗ ಅವರು ತಪ್ಪಿಸಿಕೊಳ್ಳಲಿಲ್ಲ. ಸೆಟ್ ಗುಂಡಿಯನ್ನು ಒತ್ತಿ ಹಿಡಿದು ಅಂಕಿಯನ್ನು ಸರಿಪಡಿಸುವ ಬಗೆಯನ್ನು ತಾಳ್ಮೆಯಿಂದ ಹೇಳಿಕೊಟ್ಟರು. ಅದನ್ನು ಮಾರುವಾಗಲೇ ಹೇಳಿದ್ದರೆ ಮೊದಲ ಸಲದ ಮರಿಗಳು ಉಳಿಯುತ್ತಿದ್ದವು ಎಂಬ ಅಸಮಾಧಾನ ಮಾತ್ರ ಹೋಗಿಲ್ಲ.

ಎರಡನೆಯ ದೋಷ ತಟ್ಟೆಯದು. ಎರಡು ಗಂಟೆಗೊಮ್ಮೆ ತಾನಾಗಿ ವಾಲಿ ಮೊಟ್ಟೆ ತಿರುಗಿಸುವ ಮೋಟಾರು ಚೆನ್ನಾಗಿಯೇ ಇದೆ, ಆದರೆ ತಟ್ಟೆಯ ಗುಳಿಗಳು ಕೋಳಿಮೊಟ್ಟೆಯ ಅಳತೆಯವು. ಗೌಜಲಹಕ್ಕಿಯ ಮೊಟ್ಟೆ ಅದರಲ್ಲಿ ಅಡ್ಡ ಬೀಳುತ್ತದೆ. ನಾನು ರಟ್ಟಿನ ಮೊಟ್ಟೆ ಟ್ರೇಯನ್ನು ಚೂರು ಮಾಡಿ, ಚೂಪಾದ ತುದಿ ಕೆಳಗಿರುವಂತೆ ಒಂದೊಂದನ್ನೂ ಒತ್ತುಕೊಟ್ಟು ನಿಲ್ಲಿಸಿದೆ. ಚಿಕ್ಕ ಗುಳಿಗಳ ತಟ್ಟೆ ಪ್ರತ್ಯೇಕವಾಗಿ ಸಿಗುತ್ತದೆಯಂತೆ. ಪೆಟ್ಟಿಗೆಯ ಮೇಲೆ ‘ಕ್ವೇಲ್‌ಗೂ ಸೂಕ್ತ’ ಎಂದು ಅಚ್ಚು ಹಾಕಿದ ಮೇಲೆ ಅದನ್ನು ಜೊತೆಗೇ ಕೊಡುವುದು ನ್ಯಾಯ.

ನೀರಿನ ವ್ಯವಸ್ಥೆ ಮೆಚ್ಚುವಂತಿದೆ. ತಳದಲ್ಲಿ ಎರಡು ಕಾಲುವೆಗಳಿದ್ದು, ಮುಚ್ಚಳ ತೆಗೆಯದೆ ಹೊರಗಿನ ರಂಧ್ರದಿಂದಲೇ ನೀರು ಸುರಿಯಬಹುದು. ಮೊದಲ 14 ದಿನ ಒಂದನ್ನು ತುಂಬಿದರೆ ತೇವಾಂಶ ಶೇಕಡಾ 50ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಅದು ದಿನಕ್ಕೊಮ್ಮೆ ಒಣಗುತ್ತದೆ. ಆಮೇಲೆ ತಿರುಗಿಸುವುದನ್ನು ನಿಲ್ಲಿಸಿ, ಎರಡನ್ನೂ ತುಂಬಿ, ಮರಿಗಳೆಲ್ಲ ಆಗುವವರೆಗೆ ಮುಚ್ಚಳ ಮುಟ್ಟಬಾರದು. ಎರಡನೆಯ ಸಲ ಆಸೆ ತಡೆಯಲಾರದೆ ನಾನೊಮ್ಮೆ ತೆಗೆದು ನೋಡಿದ್ದರಿಂದ ಎರಡು ಮರಿಗಳು ಒಣಗಿದ ಪೊರೆಗೆ ಅಂಟಿಕೊಂಡು ಸತ್ತವು. ಅದು ಯಂತ್ರದ ತಪ್ಪಲ್ಲ. ನುಣುಪಾದ ಪ್ಲಾಸ್ಟಿಕ್ ತಳದಲ್ಲಿ ಮರಿಗಳ ಕಾಲು ಜಾರಿ ಅಗಲವಾಗುವುದು ಮಾತ್ರ ಯಂತ್ರದ್ದೇ ತಪ್ಪು; ಬೀರುವಿನ ಅರೆಗೆ ಹಾಸುವ ಒರಟು ರಬ್ಬರ್ ಹಾಸನ್ನು ಕತ್ತರಿಸಿ ಹಾಕಿದ ಮೇಲೆ ಆ ತೊಂದರೆ ಕಾಣಲಿಲ್ಲ.

ಕರೆಂಟ್ ಹೋದಾಗ 12 ವೋಲ್ಟ್ ಬ್ಯಾಟರಿಗೆ ಸಿಕ್ಕಿಸುವ ತಂತಿಯನ್ನೂ ಕೊಟ್ಟಿದ್ದಾರೆ, ಕೆಲಸ ಮಾಡುತ್ತದೆ.

ಮರಿ ಆದ ಮೇಲಿನ ಕೆಲಸಕ್ಕೆ ಈ ಪೆಟ್ಟಿಗೆ ಬರುವುದಿಲ್ಲ. ಹೆಬ್ಬೆರಳಿನಷ್ಟಿರುವ ಆ ಮರಿಗಳಿಗೆ ಮೊದಲ ವಾರ 35 ಡಿಗ್ರಿಗೂ ಮೇಲಿನ ಬಿಸಿ ಬೇಕು, ನೀರಿನ ತಟ್ಟೆಯಲ್ಲಿ ಗೋಲಿಗಳನ್ನು ಹಾಕದಿದ್ದರೆ ಮುಳುಗಿ ಸಾಯುತ್ತವೆ. ಬಲ್ಬು, ರಟ್ಟಿನ ಪೆಟ್ಟಿಗೆಗಳ ಖರ್ಚನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಮರಿ ಮಾಡಿಸಿ ಹಿಂಡು ಬೆಳೆಸುವವರು, ಇನ್ನೊಂದು ಥರ್ಮಾಮೀಟರ್ ಇಟ್ಟುಕೊಳ್ಳುವುದಾದರೆ, ಇದನ್ನು ಧೈರ್ಯವಾಗಿ ಕೊಳ್ಳಬಹುದು. ತಿನ್ನಲು ಮೊಟ್ಟೆ ಸಿಕ್ಕರೆ ಸಾಕು ಎನ್ನುವವರಿಗೆ ಇದು ಬೇಡ. ಆರು ವಾರದ ಹೆಣ್ಣುಹಕ್ಕಿಗಳನ್ನೇ ತಂದು ಸಾಕಿದರೆ, ಗಂಡು ಇಲ್ಲದೆಯೂ ಅವು ಮೊಟ್ಟೆ ಇಡುತ್ತವೆ.